ಉಳಿಸಿಕೊಂಡ ಕಿರುಬೆರಳು

ನಮ್ಮ ದೇಶದಲ್ಲಿ ಪ್ರತಿಯೊಬ್ಬ ಪ್ರಜೆಗೂ ಜನ್ಮಕ್ಕೆ ಹತ್ತು ಮತಗಳಿವೆ. ಇದು ಸಂವಿಧಾನದಲ್ಲಿಲ್ಲ, ಕೈಯಲ್ಲಿದೆ.

ಹಿಂದೆ ಹೀಗಿರಲಿಲ್ಲ. ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ತೊಳೆದರೆ ಹೋಗುತ್ತದೆ, ಜನ ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ ಎಂದು ದೂರು ಬಂದದ್ದರಿಂದ ಅಳಿಸಲಾಗದ ಶಾಯಿಗೆ ಟೆಂಡರ್ ಕರೆದರು. ಮಂತ್ರಿಗಳ ಭಾವಮೈದರಿಗೆ ಅದು ಸಿಕ್ಕಿತು. ಶಾಯಿ ನಿಜವಾಗಿಯೂ ಅಳಿಸಲಿಲ್ಲ. ಗುತ್ತಿಗೆದಾರರೊಬ್ಬರ ಮಾಲು ಹೇಳಿದ ಹಾಗೆಯೇ ಇದ್ದದ್ದು ಅದೇ ಮೊದಲಾದ್ದರಿಂದ ಯಾವ ಇಲಾಖೆಯೂ ಸಿದ್ಧವಾಗಿರಲಿಲ್ಲ. ಮುಂದಿನ ಚುನಾವಣೆಗೆ ಎಲ್ಲರೂ ಆಗಲೇ ಮತ ಹಾಕಿದ ಬೆರಳು ಹೊತ್ತು ಬಂದರು. ಪಕ್ಕದ ಬೆರಳನ್ನು ಬಳಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಕಾಲ್ಬೆರಳಿಗೂ ಅವಕಾಶ ಕೊಡಿ ಎಂಬ ಮನವಿಯನ್ನು, ಅವಕ್ಕೆ ಸಾಕಷ್ಟು ಗಾಂಭೀರ್ಯವಿಲ್ಲವೆಂದು ತಿರಸ್ಕರಿಸಲಾಯಿತು. ಗರಗಸಕ್ಕೆ ಅರ್ಧ ಬೆರಳು ಕೊಟ್ಟಿದ್ದ ನಮ್ಮ ಬೀದಿಯ ಬಡಗಿ, ಉಳಿದರ್ಧವನ್ನು ಪುರಸಭೆ ಚುನಾವಣೆಗೆ ಮಾತ್ರ ಬಳಸಬಹುದೆಂದು ತೀರ್ಮಾನವಾಯಿತು.

ಆ ಕಾಲದಲ್ಲಿ ಸರ್ಕಾರಗಳು ಬೇಗ ಬೇಗ ಬೀಳುತ್ತಿದ್ದುದರಿಂದ ಯಾವ ಚುನಾವಣೆಯನ್ನೂ ತಪ್ಪಿಸದ ನನ್ನ ಒಂಬತ್ತು ಬೆರಳು ಬೇರೆಯವರಿಗಿಂತ ಬೇಗ ಮುಗಿದವು. ಬಲಗೈಯ ಕಿರುಬೆರಳೊಂದನ್ನು ಉಳಿಸಿಕೊಂಡೆ. ಕಾರಣವಿತ್ತು. ನಾನು ಹುಟ್ಟಿದ್ದು ಹೊಳೆಯ ಆಚೆ ದಡದಲ್ಲಿ. ಅದು ಬೇರೆ ದೇಶ. ಸೇತುವೆ ತೆರೆದಿದ್ದಾಗ ಒಲೆಯ ಮೇಲೆ ಹಾಲಿಟ್ಟು ತವರಿಗೆ ಹೋಗಿ, ಅದು ಉಕ್ಕುವುದರೊಳಗೆ ಬರಬಹುದಿತ್ತು. ವಿದೇಶಾಂಗ ನೀತಿ ಬದಲಾಗಿ ಸೇತುವೆಗೆ ತಗಡು ಬಡಿದ ಮೇಲೆ ನನ್ನ ತವರು ಬಹಳ ದೂರದ ಊರಾಯಿತು. ದಡಕ್ಕೆ ಹೋಗುವಂತಿಲ್ಲ, ಫೋನು ಸೇರುವುದಿಲ್ಲ. ಅಲ್ಲಿ ನನ್ನ ತಂಗಿ ಇದ್ದಾಳೆ. ತಗಡಿನಲ್ಲಿ ಒಂದು ಬಾಗಿಲನ್ನೇನೋ ಬಿಟ್ಟಿದ್ದರು, ಭಾವಮೈದರ ಶಾಯಿ ಲಾರಿಗಾಗಿ. ಆಚೆಯ ದೇಶದವರೂ ಅದೇ ಶಾಯಿ ಕೊಳ್ಳುತ್ತಿದ್ದರು.

ಆಮೇಲೆ ವಿದೇಶಾಂಗ ಇಲಾಖೆ ಪ್ರಜೆಗಳ ಅಭಿಪ್ರಾಯ ಕೇಳಲಾರಂಭಿಸಿತು. ಒಂದು ಅಭಿಪ್ರಾಯಕ್ಕೆ ಒಂದು ಬೆರಳು. ಮೊದಲ ಪ್ರಶ್ನೆ: ನಮ್ಮ ವಿದೇಶಾಂಗ ನೀತಿ (ಅ) ಚೆನ್ನಾಗಿದೆ, (ಆ) ಬಹಳ ಚೆನ್ನಾಗಿದೆ. ನಮ್ಮ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಹೋಗಿ ತೋರುಬೆರಳು ಕೊಟ್ಟು ಬಂದರು.

"ಬಹಳ ಚೆನ್ನಾಗಿದೆ ಅಂದೆ ಕಣೇ."

"ಏನು ಚೆನ್ನಾಗಿದೆಯಂತೆ?"

"ಅದನ್ನ ಅವರು ಕೇಳಲಿಲ್ಲ."

ಪರದೇಶಕ್ಕೆ ಹೋದಾಗ ಮಂತ್ರಿಗಳಿಗೆ ಕೋಟು ಒಪ್ಪುತ್ತದೆಯೇ ಎಂಬುದಕ್ಕೆ ಅವರದೊಂದು ಬೆರಳು ಹೋಯಿತು. ನೆರೆಯವರಲ್ಲಿ ಯಾರ ಮೇಲೆ ಮೊದಲು ಸಿಟ್ಟಾಗಬೇಕೆಂಬುದಕ್ಕೆ ಹೆಬ್ಬೆರಳೇ ಹೋಯಿತು. ಬೀದಿಯವರೆಲ್ಲ ಹಾಗೇ ಕೊಟ್ಟರು. ನಾನು ಕೊಡಲಿಲ್ಲ.

"ಆ ಕಿರುಬೆರಳನ್ನೇನು ಉಪ್ಪಿನಕಾಯಿ ಹಾಕ್ತೀಯಾ?" ಎಂದರು ಯಜಮಾನರು.

"ನನಗಿರೋದು ಒಂದೇ ಅಭಿಪ್ರಾಯ. ಅದನ್ನ ಕೇಳಲಿ, ಕೊಡ್ತೀನಿ."

ಕೇಳಿದರು. ಸೇತುವೆ ಮುಚ್ಚಿರುವುದು ಪ್ರಜೆಗಳ ಇಚ್ಛೆಯೆಂದು ಲೋಕಕ್ಕೆ ತೋರಿಸಬೇಕೆಂದು ಎರಡೂ ಸರ್ಕಾರಗಳಿಗೆ ಒಂದೇ ಸಲ ಅನ್ನಿಸಿ, ಸೇತುವೆಯ ಎರಡು ತುದಿಯ ವಾರ್ಡುಗಳಲ್ಲಿ ಒಂದೇ ದಿನ ಮತದಾನವಿಟ್ಟರು: ತೆರೆಯಬೇಕೆ, ಬೇಡವೆ? ಗೆಲುವಿನ ಬಗ್ಗೆ ಇಲಾಖೆಗೆ ಸಂಶಯವಿರಲಿಲ್ಲ. ನೀತಿ ಬಹಳ ಚೆನ್ನಾಗಿದೆ ಎಂದು ಇಡೀ ವಾರ್ಡೇ ಹೇಳಿತ್ತಲ್ಲ. ಆದರೆ ಹಾಗೆ ಹೇಳಿ ಹೇಳಿಯೇ ಅವರ ಬೆರಳೆಲ್ಲ ಮುಗಿದಿದ್ದವು.

ಮತಗಟ್ಟೆಗೆ ಬಂದವರು ಇಬ್ಬರು. ನಾನು, ಮತ್ತೆ, ರಾತ್ರಿ ಕಾವಲು ಮಾಡಿ ಪ್ರತಿ ಚುನಾವಣೆಯ ಹಗಲೂ ಮಲಗಿಯೇ ಕಳೆದಿದ್ದ ನಮ್ಮ ಬೀದಿಯ ವಾಚ್‌ಮನ್. ಬೆರಳು ನಿರೀಕ್ಷಕರು ಭೂತಗನ್ನಡಿ ಹಿಡಿದು ನನ್ನ ಕಿರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಮ್ಮಾ, ಇದು ಕೊನೇದು. ಯೋಚನೆ ಮಾಡಿದ್ದೀರಾ?"

"ಮೊಮ್ಮಗಳು ತೊಟ್ಟಿಲಲ್ಲಿದ್ದಾಗಿಂದ ಮಾಡ್ತಿದ್ದೀನಪ್ಪ. ಅವಳೀಗ ಸೈಕಲ್ ಹೊಡೀತಾಳೆ."

ವಾಚ್‌ಮನ್ ಆಕಳಿಸಿದ. "ಅಜ್ಜೀ, ಯಾವುದನ್ನ ಒತ್ತಲಿ?"

"ಮೇಲಿಂದು."

ಎರಡು-ಸೊನ್ನೆಯಿಂದ ಸೇತುವೆ ಗೆದ್ದಿತು. ಆಚೆ ದಡದಲ್ಲೂ ಹಾಗೇ ಆಯಿತಂತೆ. ಮಂತ್ರಿಗಳು ಬಂದು, ಇದು ತಮ್ಮ ಬಹುಕಾಲದ ಕನಸೆಂದು ಹೇಳಿ ತಗಡು ಕೀಳಿಸಿದರು. ನಾನು ತಂಗಿಗೆಂದು ಹೆಣೆದ ಸ್ವೆಟರ್ ಚೀಲಕ್ಕೆ ಹಾಕಿಕೊಂಡು ಹೋದೆ. ಬೆರಳು ನಿರೀಕ್ಷಕರನ್ನು ಈಗ ಸೇತುವೆಗೆ ವರ್ಗ ಮಾಡಿದ್ದರು.

"ಅಮ್ಮಾ, ಕೈ ತೋರಿಸಿ. ಹತ್ತೂ ಮುಗಿದಿವೆ. ಮತ ಬಾಕಿ ಇರೋರು ಮಾತ್ರ ಪ್ರಜೆಗಳು. ಗಡಿ ದಾಟೋಕೆ ಪ್ರಜೆಗಳಿಗಷ್ಟೇ ಅವಕಾಶ."

"ಆ ಹತ್ತನೇದನ್ನ ನಿನ್ನ ಈ ಸೇತುವೆಗೇ ಕೊಟ್ಟೆನಲ್ಲೋ ಮಾರಾಯ!"

"ಅದಕ್ಕೆ ಸರ್ಕಾರ ತಮಗೆ ಋಣಿಯಾಗಿದೆ," ಎಂದು ಕುರ್ಚಿ ಹಾಕಿಸಿ ಕೊಟ್ಟರು.

ಕೂತು ನೋಡಿದರೆ ಆಚೆ ತುದಿಯಲ್ಲೂ ಒಂದು ಕುರ್ಚಿ. ಅದರಲ್ಲಿ ಕೂದಲೆಲ್ಲ ಬೆಳ್ಳಗಾದ ನನ್ನ ತಂಗಿ, ಎರಡೂ ಕೈ ಮೇಲೆತ್ತಿಕೊಂಡು. ಹತ್ತೂ ಕಪ್ಪು.

"ಅಕ್ಕಾ! ನಿಂದೂ ಮುಗೀತಾ?"

"ಮುಗೀತು ಕಣೇ! ಗಟ್ಟಿಯಾಗಿ ಕೂಗು, ಕಿವಿ ಕೇಳಲ್ಲ!"

ಅಂದಿನಿಂದ ದಿನಾ ಸಂಜೆ ಕೂತು ಕೂಗಾಡುತ್ತೇವೆ. ಪ್ರಜೆಗಳಲ್ಲದ್ದರಿಂದ ಅಭಿಪ್ರಾಯಕ್ಕೆ ಬೆರಳು ಕೊಡಬೇಕಾಗಿಲ್ಲ. ಎರಡೂ ಕಡೆಯ ಗುಮಾಸ್ತರು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾರೆ. ಉಭಯ ದೇಶಗಳ ನಡುವೆ ಬೇರೆ ಯಾವ ಮಾತುಕತೆಯೂ ಇಲ್ಲವಾದ್ದರಿಂದ ಇದೇ ಅಧಿಕೃತ. ಸ್ವೆಟರನ್ನು ವಾಚ್‌ಮನ್ ದಾಟಿಸಿದ. ಅರ್ಹತೆಯಿರುವವನು ಅವನೊಬ್ಬನೇ ಆದ್ದರಿಂದ ಅವನನ್ನು ರಾಯಭಾರಿಯನ್ನಾಗಿ ನೇಮಿಸಿದ್ದಾರೆ. ಹಗಲು ಮಲಗುತ್ತಾನೆ, ಯಾರೂ ಆಕ್ಷೇಪಿಸಿಲ್ಲ.

ಮಂಡಿನೋವಿನ ಬಗ್ಗೆ ಎರಡೂ ದೇಶಗಳಲ್ಲಿ ಒಮ್ಮತ ಮೂಡಿದೆಯೆಂದು ಮೊನ್ನೆ ಪತ್ರಿಕೆಯಲ್ಲಿ ಬಂತು. ನಿನ್ನೆ ಮಾತುಕತೆ ಮುರಿದುಬಿತ್ತು ಎಂದು ಇವತ್ತು ಬಂದಿದೆ. ಅದೂ ನಿಜ. ತಂಗಿ ಇಟ್ಟುಕೊಂಡಿರುವ ಅಮ್ಮನ ಹೊಲಿಗೆ ಯಂತ್ರ ನನಗೆ ಸೇರಬೇಕಿತ್ತು. ಯಜಮಾನರು ಪತ್ರಿಕೆ ಮಡಚಿ ನನ್ನ ಶಾಲು ಕೈಗಿತ್ತರು.

"ಹೊತ್ತಾಯ್ತು, ಹೊರಡು. ಇವತ್ತು ಸ್ವಲ್ಪ ಬಿಟ್ಟುಕೊಡೇ. ದೇಶದ ವಿಷಯ."

ಬಿಟ್ಟುಕೊಡುವ ಯೋಚನೆ ನನಗಿಲ್ಲ. ಹೊರಟಿದ್ದೇನೆ.