ಖಾಲಿ ಹಾಳೆಯ ಸಹಿ

ಸರ್ಕಾರಿ ಕಚೇರಿಯ ಜವಾನ ಗೋಡೆ ಗಡಿಯಾರವನ್ನು ರಿಪೇರಿಗೆ ತಂದಾಗ ಗಡಿಯಾರದಣ್ಣ ಒಂದು ಚೀಟಿ ಬರೆಸಿಕೊಳ್ಳಬೇಕಿತ್ತು. ಬರೆಸಿಕೊಳ್ಳಲಿಲ್ಲ. ಜವಾನ ವರ್ಗವಾಗಿ ಹೋದ, ಕಚೇರಿಯವರು ಕಳ್ಳತನದ ದೂರು ಕೊಟ್ಟರು, ಗಡಿಯಾರ ಅಣ್ಣನ ಅಂಗಡಿಯಲ್ಲೇ ಸರಿಯಾದ ಸಮಯ ತೋರಿಸುತ್ತ ಸಿಕ್ಕಿಬಿತ್ತು. ಕೆಳಗಿನ ಕೋರ್ಟು ಮೂರು ತಿಂಗಳು ಜೈಲು ಅಂದಿತು.

ಇವತ್ತು ಅಪೀಲು. ಜಾಮೀನಿನ ಮೇಲಿದ್ದ ಅಣ್ಣನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಳಗೆ ಹೋದರೆ ಅಂಗಡಿಗೆ ಬೀಗವೇ ಗತಿ. ವಕೀಲೆ ಹಿಡಿದದ್ದು ಒಂದೇ ಎಳೆ: ಜಪ್ತಿಗೆ ಮೊದಲೇ ಪೊಲೀಸರು ನೆರೆಯವರಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಹಾಗೆ ಸಹಿ ಹಾಕಿದವರಲ್ಲಿ ಮೊದಲಿಗರು ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತರು. ಆ ಪಾಪ ತೊಳೆಯಲು ಅವರು ಆರು ತಿಂಗಳಿಂದ ಕಾನೂನು ಪುಸ್ತಕ ಅರೆದು ಕುಡಿದಿದ್ದರು.

ಕೋರ್ಟಿಗೆ ಇಡೀ ಬೀದಿಯೇ ಬಂತು. ವಕೀಲೆ ಬಾಯಿ ತೆರೆಯುವ ಮೊದಲೇ ಗುಮಾಸ್ತರು ಎದ್ದು ನಿಂತರು. ಜಡ್ಜ್ ಕೂರಿಸಿದರು. ಎರಡನೇ ಸಲ ಎದ್ದಾಗ ಆಚೆ ಕಳಿಸುತ್ತೇನೆ ಅಂದರು. ಮೂರನೇ ಸಲ ಏಳದಂತೆ ಅಣ್ಣನ ಹೆಂಡತಿ ಅವರ ಅಂಗಿಯ ತುದಿ ಹಿಡಿದು ಕೂತಳು.

ಕೊನೆಗೆ ಜಡ್ಜ್ ಕನ್ನಡಕ ತೆಗೆದರು. "ಕಳ್ಳತನ ಆಯ್ತೋ ಇಲ್ವೋ ಆಮೇಲಿನ ಮಾತು. ಪೊಲೀಸರು ನಡ್ಕೊಂಡ ರೀತಿ ಸರಿಯಿಲ್ಲ. ಶಿಕ್ಷೆ ರದ್ದು. ಎಲ್ಲಾ ಮೊದಲಿನಿಂದ, ಕಾನೂನು ಪ್ರಕಾರ ನಡೀಲಿ."

ಬೀದಿಗೆ ಕೇಳಿಸಿದ್ದು 'ರದ್ದು' ಒಂದೇ. ಹೆಂಡತಿ ನಗುತ್ತಲೇ ಅತ್ತಳು. ಅಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೆರವಣಿಗೆ ಮನೆ ಮುಟ್ಟಿದಾಗ ಬಾಗಿಲಲ್ಲಿ ಪೊಲೀಸಪ್ಪ ಕಾದಿದ್ದ, ಹಿಂದೆಂದೂ ಕಾಣದ ವಿನಯದಿಂದ. ತೀರ್ಪನ್ನು ಕೊನೆಯ ಸಾಲಿನವರೆಗೆ ಓದಿದವನು ಅವನೊಬ್ಬನೇ.

"ಮೊದಲಿನಿಂದ ಅಂದಿದಾರಲ್ಲ ಅಣ್ಣ. ಮೊದಲು ಅರೆಸ್ಟು."

ಯಾಕೆ ಬಂಧಿಸುತ್ತಿದ್ದೇನೆ ಎಂಬುದನ್ನು ಅವನು ಓದಿ ಹೇಳಿದ. ಯಾರಿಗೆ ತಿಳಿಸಲಿ ಎಂದು ಕೇಳಿದ. ಆಮೇಲೆ, ಅರೆಸ್ಟಿನ ಹಾಳೆಗೆ ಬೀದಿಯ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು ಅಂದ. ಅಣ್ಣ ಆಸೆಯಿಂದ ಗುಮಾಸ್ತರ ಮುಖ ನೋಡಿದ. ಒಂದು ಸಲ ಪೆಟ್ಟು ತಿಂದವರು, ಈ ಜನ್ಮದಲ್ಲಿ ಇನ್ನು ಸಹಿ ಹಾಕಲಾರರು ಎಂದುಕೊಂಡ.

ಗುಮಾಸ್ತರು ಹಾಳೆಯನ್ನು ಸಾಲು ಸಾಲಾಗಿ ಎರಡು ಸಲ ಓದಿದರು. ಅರೆಸ್ಟಿನ ಸಮಯ ಐದು ಹತ್ತು ಎಂದಿದ್ದುದನ್ನು ಐದು ಹನ್ನೆರಡು ಎಂದು ತಿದ್ದಿಸಿದರು. ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೀಟು ಎಳೆಸಿದರು. ಮಾವ, ನೀವು ಯಾರ ಕಡೆ ಎಂದು ಅಣ್ಣನ ಹೆಂಡತಿ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ದಪ್ಪಕ್ಷರದಲ್ಲಿ ಸಹಿ ಹಾಕಿ, ತುಂಬಿದ ಕಣ್ಣಿನಿಂದ ಅಣ್ಣನ ಬೆನ್ನು ತಟ್ಟಿದರು.

"ಧೈರ್ಯವಾಗಿ ಹೋಗಿ ಬಾಪ್ಪ. ಈ ಸಲ ಒಂದೇ ಒಂದು ತಪ್ಪಿಲ್ಲ. ಯಾವ ಕೋರ್ಟಿಗೆ ಅಪೀಲು ಹಾಕಿದ್ರೂ ನಿಲ್ಲಲ್ಲ."