ಮುದ್ದೆ ಅಗಿದ ಭಾನುವಾರ

ಭಾನುವಾರ ಮಧ್ಯಾಹ್ನ ಹೆಂಡತಿ ಮೇನಕಾ ನನ್ನ ತಟ್ಟೆಗೆ ಬಿಸಿ ರಾಗಿಮುದ್ದೆ ಇಟ್ಟು ಹುರುಳಿ ಸಾರು ಸುರಿದಳು. ನಾನು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು, ನಮ್ಮ ವಂಶದಲ್ಲಿ ಇದುವರೆಗೆ ಯಾರೂ ಮಾಡದ ಕೆಲಸ ಮಾಡಿದೆ. ಅಗಿದೆ!

ಹಿತ್ತಲ ಬಾಗಿಲಿಗೆ ಒರಗಿ ಉಣ್ಣುತ್ತಿದ್ದ ಅಮ್ಮ ಕಣ್ಣರಳಿಸಿದಳು.

"ಲೇ ರಘು, ಮುದ್ದೆ ಅಗೀತೀಯೇನ್ಲಾ? ಎಮ್ಮೆ ಏನ್ಲಾ ನೀನು?"

"ಡಾಕ್ಟ್ರು ಏಳವ್ರಮ್ಮ. ನಿಧಾನಕ್ಕೆ ಅಗಿದು ತಿನ್ಬೇಕಂತೆ."

"ಆವಪ್ಪ ಮುದ್ದೆ ಕಂಡೌನಾ?"

ಆ ಪ್ರಶ್ನೆಯನ್ನು ನಾನು ಡಾಕ್ಟರಿಗೆ ಕೇಳಿರಲಿಲ್ಲ.

ನಾನು ಸೇಲಂನ ಪತ್ರಿಕೆಯೊಂದರ ವರದಿಗಾರ. ಹೊಟ್ಟೆಯ ಹುಳಿ ಮೇಲೇರಿ ಎದೆ ಉರಿಸುವ ಆಸಿಡ್ ರಿಫ್ಲಕ್ಸ್ ಬಗ್ಗೆ ಬರೆದ ನನ್ನ ಇಡೀ ಪುಟದ ಲೇಖನ ಅಂದೇ ಬಂದಿತ್ತು. ಸಮೀಕ್ಷೆಗಳು ಊರಿಗೊಂದು ಲೆಕ್ಕ ಹೇಳುತ್ತವೆ. ಸುಮಾರಾಗಿ ನಮ್ಮ ದೇಶದಲ್ಲಿ ಆರೇಳು ಮಂದಿಯಲ್ಲಿ ಒಬ್ಬರಿಗೆ ಇದೆ. ಸೇಲಂ ಬಳಿಯ ಕಡಯಂಪಟ್ಟಿಯ ನಮ್ಮ ಮನೆಯಲ್ಲಿ ಇರುವವರು ಮೂವರು. ಅಂದರೆ ಅರ್ಧ ಮನುಷ್ಯನಿಗೆ ಬರಬೇಕು. ಆ ಅರ್ಧ ನಾನೇ! ಹೊಟ್ಟೆ ಮುಂದೆ ಬಂದಿದೆ (ಮನೆಯಲ್ಲಿ ನನಗೆ ಪೈಪೋಟಿ ನಾಯಿ ಮಣಿಯದು ಮಾತ್ರ), ಊಟ ಹೊತ್ತು ಮೀರುತ್ತದೆ, ಉಂಡ ಕೂಡಲೇ ಒರಗುತ್ತೇನೆ. "ಇಂದಿನಿಂದ ಈ ಶತ್ರು ನಮ್ಮ ಹೊಸ್ತಿಲು ದಾಟಕೂಡದು!" ಎಂದು ಬೆಳಗ್ಗೆಯೇ ಸಾರಿದ್ದೆ. ಮೊದಲು ಅಮ್ಮನ ಎಲೆಯಡಿಕೆ ಚೀಲದ ಹೊಗೆಸೊಪ್ಪು ಜಪ್ತಿಯಾಯಿತು. ಬಳಿಕ ಟೀ ನಿಷೇಧ. ಅದು ನನಗೆ ಟೀ ನೆನಪಾಗುವವರೆಗೆ ಜಾರಿಯಲ್ಲಿತ್ತು.

ಈಗ ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು. ಮೇಲಿನ ದವಡೆ ಕೆಳಗಿನದರ ಜೊತೆ ರಾಜಿಯಾಗಿ ಬಿಡಲೊಲ್ಲದು. ಬಲವಾಗಿ ಬಾಯಿ ತೆರೆದೆ. ಕಟಕ್! ಹಲ್ಲಿಗೆ ಹಾಕಿಸಿದ್ದ ಕ್ಯಾಪ್ ಮಾಯ!

"ಎನ್ನಂಗ, ನುಂಗ್ಬುಟ್ರಾ?" ಎಂದಳು ಮೇನಕಾ. ಗಾಬರಿಯಾದರೆ ಅವಳ ಬಾಯಲ್ಲಿ 'ಏನ್ರೀ' ತಮಿಳಿನಲ್ಲೇ ಬರುತ್ತದೆ.

"ಇಲ್ಲ, ಇಲ್ಲೇ ಎಲ್ಲೋ ಬಿದ್ದೈತೆ. ನೋಡು."

ಅಮ್ಮ ಬಹಳ ದಿನದ ಮೇಲೆ ಮನಸಾರೆ ನಕ್ಕಳು. "ಇದ್ನ ಪೇಪರ್‌ನಾಗೆ ಆಕ್ಲಾ! ಮುದ್ದೆ ಅಗಿಯಕ್ಕೋಗಿ ಅಲ್ಲು ಕಳ್ಕೊಂಡ ಅಂತ!"

ಮೇನಕಾ ನನ್ನ ಮುದ್ದೆಯನ್ನು ಬಗೆದಳು, ಸಾರಿನಲ್ಲಿ ಕೈಯಾಡಿಸಿದಳು. ಇಲ್ಲ. "ಅತ್ತೆ ತಟ್ಟೆಗೆ ಸಿಡಿದೈತೇನೋ" ಎಂದು ಅತ್ತ ಬಗ್ಗಿದಳು. ಅಮ್ಮನ ನಗು ನಿಂತಿತು.

"ನನ್ ತಟ್ಟೇಲಿ ಏನೂ ಇಲ್ಲ, ಬುಡು."

ನಿಜ, ಏನೂ ಇರಲಿಲ್ಲ. ಆಗತಾನೆ ಬಡಿಸಿದ್ದ ಮುದ್ದೆಯೂ ಇರಲಿಲ್ಲ. ಬಾಗಿಲಾಚೆ ಮಣಿ, ಮೂತಿಗೆಲ್ಲ ರಾಗಿ ಮೆತ್ತಿಕೊಂಡು, ಬಿಸಿ ತಾಳದೆ ತಲೆ ಕೊಡವುತ್ತಿತ್ತು.

"ಏನಮ್ಮ ಇದು?"

"ಮೊದ್ಲು ಎದೆ ಉರೀತಿತ್ತು, ಸೋಡಾ ಕುಡೀತಿದ್ದೆ. ಈಗ ಮುದ್ದೆ ಇಳಿಯಲ್ಲ ಕಣ್ಲಾ. ಇಲ್ಲಿ ನಿಂತ್ಕೊಂತೈತೆ." ಎದೆಯ ನಡುವೆ ಬೆರಳಿಟ್ಟು ತೋರಿಸಿದಳು. "ಸಾರು ಇಳೀತೈತಲ್ಲ, ಅದೇ ಪೋದುಂ, ಸಾಕು."

"ಯಾಕತ್ತೆ ಏಳ್ಲಿಲ್ಲ?" ಮೇನಕಾ ಅಮ್ಮನ ಪಕ್ಕಕ್ಕೆ ಹೋಗಿ ಕೂತಳು.

"ಎಂಗೆ ಏಳ್ಲಿ? ಮಂದೆ ಕುರಿ ಕಟ್ಕೊಂಡು ಬೆಟ್ಟ ಅತ್ತಿ ಇಳಿದೋಳು ನಾನು. ಮುದ್ದೆ ನುಂಗಕ್ಕಾಗಲ್ಲ ಅಂದ್ಮೇಲೆ ಇನ್ನೇನ್ ಉಳೀತು?"

ಅಮ್ಮ ಸೊರಗಿದ್ದು ನನಗೆ ಕಂಡಿತ್ತು. ವಯಸ್ಸು ಎಂದುಕೊಂಡಿದ್ದೆ. ನನ್ನ ಲೇಖನದ ಕೊನೆಯ ಸಾಲು ಹೀಗಿತ್ತು: 'ಎದೆಯುರಿ ಸಾಮಾನ್ಯ, ಬಹುಪಾಲು ಔಷಧಿಗೆ ಬಗ್ಗುತ್ತದೆ, ಆದರೆ ನುಂಗಲು ಕಷ್ಟವಾದರೆ, ತೂಕ ಇಳಿದರೆ, ಕಾಯಬೇಡಿ.' ಚೆನ್ನಾಗಿ ಬಂದಿದೆ ಎಂದು ಬೆಳಗ್ಗೆ ಅದನ್ನು ಎರಡು ಸಲ ಓದಿಕೊಂಡಿದ್ದೆ. ಆ ಪುಟ ಈಗ ಸಾರಿನ ಪಾತ್ರೆಯ ಅಡಿಯಲ್ಲಿತ್ತು.

ಕ್ಯಾಪ್ ಸಿಗಲೇ ಇಲ್ಲ. ಅಗಿದು ತಿನ್ನುವ ಶಪಥ ಮಾಡಿದವನು ಅಗಿಯದೆ ನುಂಗಿದ್ದು ಅದೊಂದನ್ನೇ.

ಲೇಖನಕ್ಕೆ ಮಾತಾಡಿಸಿದ್ದ ಡಾಕ್ಟರಿಗೆ ಫೋನ್ ಮಾಡಿದೆ. ಗುರುವಾರ ಕರೆತನ್ನಿ, ಗಂಟಲಿಂದ ಕ್ಯಾಮೆರಾ ಇಳಿಸಿ ನೋಡೋಣ, ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ ಎಂದರು. ಅಮ್ಮನಿಗೆ ತಿಳಿಸಿದೆ.

"ನಂಗದು ಅಭ್ಯಾಸ ಐತೆ ಬುಡು," ಎಂದಳು. "ಮಣಿಗೆ ಮಾತ್ರ ಒಂದ್ಮಾತು ತಿಳ್ಸ್ಬುಡು. ಕಾಯ್ತಾ ಕೂತಿರ್ತೈತೆ."

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ನಾವು ಮೂವರೂ ಸೇಲಂಗೆ ಹೋಗುತ್ತೇವೆ.