ಬೆನ್ನಿಗೆ ಬಿದ್ದ ಎರಡು ಕೈ

ಮುಂಡರಗಿ ರಸ್ತೆಯ ಗಾಳಿಯಂತ್ರ ಕಂಪನಿಯ ಸ್ಟೋರ್‌ಕೀಪರ್ ಮೌನೇಶ ಬೆಳಿಗ್ಗೆ ಮೊಬೈಲ್ ನೋಡುತ್ತ ಗೇಟಿನತ್ತ ನಡೆದಿದ್ದ. ಹಿಂದಿನಿಂದ ಎರಡು ಕೈ ಬೆನ್ನಿಗೆ ಬಿದ್ದವು. ಮರುಕ್ಷಣ ಅವನು ಚರಂಡಿಯಲ್ಲಿದ್ದ. ಬೀಳುವಾಗ ಕಂಡದ್ದು ಒಂದೇ ಮುಖ, ಕಂಪನಿಯ ಡ್ರೈವರ್ ಲಾಡಸಾಬನದು. ಹದಿನೈದು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ಮೇಲೆ ರಸ್ತೆಯಲ್ಲಿ ಕೂಗಾಟ ಕೇಳಿತು. ತನ್ನನ್ನು ನೋಡಿಯೇ ನಗುತ್ತಿದ್ದಾರೆಂದುಕೊಂಡು ಮೌನೇಶ ತಲೆ ಎತ್ತಲಿಲ್ಲ. ಕೆಸರಿನಲ್ಲಿ ಕನ್ನಡಕ ಹುಡುಕಿ ಹಾಕಿಕೊಂಡು ಎದ್ದಾಗ ಲಾಡಸಾಬ ಇರಲಿಲ್ಲ. ಮಂಜವ್ವನ ಚಹಾದಂಗಡಿ ಮುಚ್ಚಿತ್ತು. ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿಯೊಂದು ಎಂದಿನಂತೆ ತಿರುವಿನಲ್ಲಿ ದಾರಿ ಕಟ್ಟಿ ನಿಂತಿತ್ತು.

"ಸುಮ್ಮ ಬಿಡಬ್ಯಾಡ ಲೇ," ಎಂದ, ಆಫೀಸಿನಲ್ಲಿ ಎಲ್ಲ ಕೇಳಿಸಿಕೊಂಡ ಗುಮಾಸ್ತ ಕೊಟ್ರಪ್ಪ. "ನಿನಗ ಬಡ್ತಿ ಸಿಕ್ಕೈತಂತ ಅವಗ ಹೊಟ್ಟಿಕಿಚ್ಚು. ಪುಣೆಕ್ಕ ಬರಿ, ಕೆಲಸದಿಂದ ತಗೀತಾರ."

ಪುಣೆಯ ಹೆಡ್ಡಾಫೀಸಿಗೆ ಇಂಗ್ಲಿಷೇ ಆಗಬೇಕು. ಬರೆಯಲು ಕೂತವನು ಅದೇ ಆಫೀಸಿನ, ಬಿ.ಎ. ಮಾಡಿದ ಶಿವಯೋಗಿ.

"ಪುಶ್ ಅಂತ ಬರೀಲೋ, ಶವ್ ಅಂತ ಬರೀಲೋ?"

"ಎರಡೂ ದಬ್ಬೂದ ಅಲ್ಲೇನ್ರಿ?"

"ಅಲ್ಲೋ ತಮ್ಮಾ. ಕೆಟ್ಟ ನಿಂತ ಜೀಪನ್ನೂ ಪುಶ್ ಮಾಡ್ತೀವಿ, ಅದರಾಗ ಸಿಟ್ಟಿಲ್ಲ. ಶವ್ ಅಂದ್ರ ಒರಟಾಗಿ ನೂಕೂದು. ನಿಂದರು, ತೋರಸ್ತೀನಿ."

ಪುಶ್‌ಗೆ ಮೌನೇಶ ಒಂದು ಹೆಜ್ಜೆ ಮುಂದೆ ಹೋದ. ಶವ್‌ಗೆ ಕಪಾಟಿಗೆ ಹೋಗಿ ಬಡಿದ. ಮೇಲಿದ್ದ ಫೈಲುಗಳೆಲ್ಲ ತಲೆಯ ಮೇಲೆ ಸುರಿದವು. "ಖಾತ್ರಿ ಆಗವಲ್ದು, ಇನ್ನೊಮ್ಮೆ," ಎಂದ ಕೊಟ್ರಪ್ಪ. ಈ ಸಲ ಮೌನೇಶನ ಅಂಗಿಯ ತೋಳು ಹರಿದು ಶಿವಯೋಗಿಯ ಕೈಗೆ ಬಂತು.

"ಖರೆ ಹೇಳು, ಲಾಡಸಾಬಗ ಸಿಟ್ಟಿತ್ತೇನು?" ಎಂದು ಶಿವಯೋಗಿ ಕೇಳಿದ.

ಆ ಮುಖದಲ್ಲಿದ್ದದ್ದು ಸಿಟ್ಟೋ ಮತ್ತೇನೋ, ಮೌನೇಶನಿಗೆ ಗೊತ್ತಿರಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಸುತ್ತ ಮಂದಿ ನಿಂತಿದ್ದರು, ಅಂಗಿ ಬೇರೆ ಹರಿದಿತ್ತು.

"ಇತ್ರಿ. ಶವ್ ಅಂತನ ಬರೀರಿ."

ಮಧ್ಯಾಹ್ನ ಮಂಜವ್ವ ಏದುಸಿರು ಬಿಡುತ್ತ ಬಂದಳು. "ಮೌನೇಶಾ, ಆರಾಮ ಅದೀಯೇನೋ? ಲಾರಿ ಹೊಳ್ಳುವಾಗ ಆ ರೆಕ್ಕಿ ತುದಿ ಸೀದಾ ನಿನ್ನ ತಲಿಗೇ ಬರಾಕತ್ತಿತ್ತು. ಲಾಡಸಾಬಣ್ಣ ನಿನ್ನ ದಬ್ಬಿ ತಾನು ಸಿಕ್ಕೊಂಡ. ಬಲಗೈ ಮುರದೈತಿ. ಲಾರಿಯವರ ಜೀಪಿನ್ಯಾಗ ನಾನ ದವಾಖಾನಿಗೆ ಕರಕೊಂಡ ಹೋಗಿದ್ನಿ."

ಕೊಟ್ರಪ್ಪ ಫೈಲಿನ ಹಿಂದೆ ಮುಖ ಮರೆಸಿಕೊಂಡ. "ಹಂಗಾದ್ರ ಪುಶ್ ಅಂತ ಬರೀಬೇಕಿತ್ತು," ಎಂದು ಶಿವಯೋಗಿ ಗೊಣಗಿದ. ಪುಣೆಗೆ ಇ-ಮೇಲ್ ಹೋಗಿ ಎರಡು ತಾಸಾಗಿತ್ತು.

ದವಾಖಾನೆಯ ಮೆಟ್ಟಿಲು ಹತ್ತುವಾಗ ಮೌನೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕು ಎಂದುಕೊಂಡು ಒಳಗೆ ಹೋದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಲಾಡಸಾಬನೇ ಮೊದಲು ಮಾತಾಡಿದ. "ಭಾಳ ಜೋರ ದಬ್ಬಿಬಿಟ್ಟೆ. ಪೆಟ್ಟಾತೇನು? ಅಯ್ಯ, ಅಂಗಿನೂ ಹರದೈತಲ್ಲೋ! ತಪ್ಪಾತಪಾ."

ಮೌನೇಶನ ಬಾಯಿಂದ ಮಾತು ಹೊರಡುವ ಮೊದಲೇ ಲಾಡಸಾಬನ ಫೋನು ಸದ್ದು ಮಾಡಿತು.

"ಪುಣೆದ್ದು! ಕೈ ಮುರದ ಖಬರ ಮುಟ್ಟೈತಿ, ಆರಾಮ ಅದೀ ಏನಂತ ಕೇಳ್ಯಾರ ನೋಡು. ಇಂಗ್ಲಿಷ್ ಐತಿ. ಓದಿ ಹೇಳೋ."

ಮೌನೇಶ ಫೋನು ಇಸಿದುಕೊಂಡ. ಉದ್ದನೆಯ ಪತ್ರ. ಅದರಲ್ಲಿ ಅವನಿಗೆ ಚೆನ್ನಾಗಿ ಅರ್ಥವಾದದ್ದು ಬೆಳಿಗ್ಗೆ ಕಲಿತ ಒಂದೇ ಒಂದು ಪದ. ಶವ್. ಅದು ಮೊದಲನೆಯ ಸಾಲಿನಲ್ಲೇ ಇತ್ತು.